ವೀಸಾ ಸುದ್ದಿ ಘಟ್ಟ ಹತ್ತಿದಾಗ

ಕೇಳುಗರಿಗೆ ನಮಸ್ಕಾರ.

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಯಾವ ಮದುವೆ ಮನೆಗೆ ಹೋದರೂ ಪಂಕ್ತಿಯಲ್ಲಿ ಒಬ್ಬರಾದರೂ ಅಮೆರಿಕದ ಮಾತು ತೆಗೆಯುತ್ತಾರೆ. ಮೊದಲೆಲ್ಲ ಅದು ಸಂಬಳದ ಮಾತಾಗಿತ್ತು. ಈಗ ವೀಸಾದ ಮಾತು. ತೋಟದ ಮನೆಯಲ್ಲಿ ಅಪ್ಪ ಅಮ್ಮ ಇಬ್ಬರೇ. ಮಕ್ಕಳು ಡಲ್ಲಾಸಲ್ಲೋ ಸಿಯಾಟಲ್‌ನಲ್ಲೋ. ಅಲ್ಲಿ ಒಂದು ಆದೇಶ ಹೊರಟರೆ ಇಲ್ಲಿ ರಾತ್ರಿ ನಿದ್ದೆ ಇಲ್ಲ.

2025ರ ಸೆಪ್ಟೆಂಬರ್ 19ರಂದು ಅಧ್ಯಕ್ಷ ಟ್ರಂಪ್ ಅಂಥದ್ದೇ ಒಂದು ಆದೇಶಕ್ಕೆ ಸಹಿ ಹಾಕಿದರು. ಅಲ್ಲಿನ ಕಂಪನಿಗಳು ಹೊರದೇಶದ ಪರಿಣತರನ್ನು ಕೆಲಸಕ್ಕೆ ಕರೆಸಿಕೊಳ್ಳುವ ಎಚ್-1ಬಿ ವೀಸಾಕ್ಕೆ ಒಂದು ಲಕ್ಷ ಡಾಲರ್ ಶುಲ್ಕ. ಆಗಿನ ಲೆಕ್ಕದಲ್ಲಿ ಹತ್ತಿರ ಹತ್ತಿರ 88 ಲಕ್ಷ ರೂಪಾಯಿ! ವರ್ಷವರ್ಷವೂ ಕಟ್ಟಬೇಕಂತೆ ಅಂತ ಮೊದಲ ಸುದ್ದಿ. ರಜೆಗೆ ಊರಿಗೆ ಬಂದವರು ಸಿಕ್ಕ ದರಕ್ಕೆ ಟಿಕೆಟ್ ಮಾಡಿಸಿ ವಾಪಸ್ ಓಡಿದರು. ಮಾರನೇ ದಿನ ಸ್ಪಷ್ಟನೆ ಬಂತು. ಇದು ಒಂದೇ ಸಲ ಕಟ್ಟುವ ಶುಲ್ಕ, ಹೊಸ ಅರ್ಜಿಗೆ ಮಾತ್ರ. ಈಗಾಗಲೇ ವೀಸಾ ಇದ್ದವರಿಗಿಲ್ಲ, ನವೀಕರಣಕ್ಕೂ ಇಲ್ಲ. ಅಲ್ಲೇ ಓದಿ, ಅಲ್ಲಿಂದಲೇ ಕೆಲಸದ ವೀಸಾಕ್ಕೆ ಬದಲಾಗುವ ವಿದ್ಯಾರ್ಥಿಗಳಿಗೂ ಇದು ಅನ್ವಯಿಸುವುದಿಲ್ಲ ಅಂತ ಅಕ್ಟೋಬರ್‌ನಲ್ಲಿ ಹೇಳಿದರು. ನಮ್ಮ ವಾಟ್ಸಾಪ್ ಗುಂಪುಗಳಿಗೆ ಮಾತ್ರ ಈ ಸ್ಪಷ್ಟನೆಗಳು ತಲುಪಿದ ಹಾಗೆ ಕಾಣಲಿಲ್ಲ. ಒಂದು ಲಕ್ಷ ಡಾಲರ್ ಅನ್ನುವ ಮಾತಷ್ಟೇ ಘಟ್ಟ ಹತ್ತಿ ಬಂತು.

ನನ್ನ ಕೇಳಿದರೆ, ಈ ಶುಲ್ಕಕ್ಕಿಂತ ಜಾಸ್ತಿ ಕಾಡುವುದು ಸದ್ದಿಲ್ಲದ ನಿಯಮಗಳು. ಎಚ್-1ಬಿ ಮೂರು ವರ್ಷಕ್ಕೆ ಸಿಗುತ್ತದೆ, ಸಾಮಾನ್ಯವಾಗಿ ಆರು ವರ್ಷದವರೆಗೆ ಮುಂದುವರಿಯುತ್ತದೆ. ಆಮೇಲೂ ಇರಬೇಕಾದರೆ ಗ್ರೀನ್ ಕಾರ್ಡಿನ, ಅಂದರೆ ಅಲ್ಲೇ ಕಾಯಂ ಆಗಿ ಇರುವ ಪರವಾನಗಿಯ, ಸಾಲಿನಲ್ಲಿ ನಿಂತಿರಬೇಕು. ಉದ್ಯೋಗದ ಲೆಕ್ಕದಲ್ಲಿ ವರ್ಷಕ್ಕೆ ಸುಮಾರು 1 ಲಕ್ಷ 40 ಸಾವಿರ ಗ್ರೀನ್ ಕಾರ್ಡು. ಯಾವುದೇ ಒಂದು ದೇಶದಲ್ಲಿ ಹುಟ್ಟಿದವರಿಗೆ ಶೇಕಡಾ 7ರ ಮಿತಿ. ಪುಟ್ಟ ಐಸ್‌ಲ್ಯಾಂಡಿಗೂ ಅದೇ ಮಿತಿ, ನಮ್ಮ ದೇಶಕ್ಕೂ ಅದೇ. ಇದೆಂಥ ನ್ಯಾಯವೋ! ಹಾಗಾಗಿ ನಮ್ಮವರ ಸಾಲು ಕರಗುವುದೇ ಇಲ್ಲ. ಕೆಲಸ ಹೋದರೆ ಹೊಸದು ಹುಡುಕಲು ಹೆಚ್ಚೆಂದರೆ 60 ದಿನ. ಜೊತೆಗೆ ಹೋದ ಮಕ್ಕಳಿಗೆ 21 ತುಂಬಿದರೆ ಅಪ್ಪ ಅಮ್ಮನ ವೀಸಾದ ಆಸರೆ ತಪ್ಪುತ್ತದೆ.

2025ರ ಡಿಸೆಂಬರ್ 15ರಿಂದ ಇನ್ನೊಂದು ಸೇರಿತು. ಎಚ್-1ಬಿ ಅರ್ಜಿದಾರರ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಖಾತೆಗಳ ತಪಾಸಣೆ. ವಾಪಸ್ ಹೋಗುವ ಮೊದಲು ಪಾಸ್‌ಪೋರ್ಟಿಗೆ ವೀಸಾ ಮುದ್ರೆ ಹಾಕಿಸಲು ಭಾರತದಲ್ಲಿ ನಿಗದಿಯಾಗಿದ್ದ ಎಷ್ಟೋ ಸಂದರ್ಶನಗಳು ತಿಂಗಳುಗಟ್ಟಲೆ ಮುಂದೆ ಹೋದವು. ತಂಗಿ ಮದುವೆಗೆ, ಅಮ್ಮನ ಆಪರೇಷನ್ನಿಗೆ ಅಂತ ಎರಡು ವಾರಕ್ಕೆ ಬಂದವರ ಪಾಡು ಊಹಿಸಿ. ಕೆಲಸ ಅಲ್ಲಿ, ಮಗುವಿನ ಶಾಲೆ ಅಲ್ಲಿ, ತಾವು ಮಾತ್ರ ಇಲ್ಲಿ.

ಊರಿನವರು ನೆರವಾಗಬಹುದಾದ ಜಾಗ ಇದೇ. ಅಲ್ಲಿ ಇರುವವರಿಗೆ ಕನ್ನಡ ಕೂಟಗಳಿವೆ, ಅವುಗಳನ್ನು ಬೆಸೆಯುವ 'ಅಕ್ಕ' ಸಂಘಟನೆಯಿದೆ. ಸಮ್ಮೇಳನ, ಹೋಳಿಗೆ ಊಟ, ಯಕ್ಷಗಾನ ಎಲ್ಲ ಸರಿ. ಕೆಲಸ ಕಳೆದುಕೊಂಡವನಿಗೆ ಆ 60 ದಿನದಲ್ಲಿ ಬೇಕಾದ್ದು ಬೇರೆ. ಒಂದು ಕೆಲಸದ ಸುಳಿವು, ಒಬ್ಬ ಒಳ್ಳೆ ವಕೀಲರ ಪರಿಚಯ, ಬಾಡಿಗೆ ಕಟ್ಟಲಾಗದಿದ್ದರೆ ಸ್ವಲ್ಪ ದಿನಕ್ಕೆ ಒಂದು ಕೋಣೆ. ಇನ್ನು ಇಲ್ಲಿ ಸಿಕ್ಕಿಬಿದ್ದವರ ಮನೆಗೆ ಹೋದಾಗ 'ಮತ್ತೆ ಯಾವಾಗ ಹೊರಡೋದು?' ಅಂತ ಕೇಳುವುದನ್ನು ಬಿಡೋಣ. ಆ ಅಪ್ಪನಿಗೆ ಅಡಿಕೆ ಕೊನೆ ತೆಗೆಯುವವರು ಸಿಕ್ಕಿದ್ದಾರಾ, ಒಣಗಿಸಲು ಜನ ಇದ್ದಾರಾ ಅಂತ ಕೇಳಿದರೆ ಆಯಿತು.

ಹೊರದೇಶ ಅಂದರೆ ನಮಗೆ ಬರೀ ಸಾಫ್ಟ್‌ವೇರ್ ಹುಡುಗರೇ ಕಣ್ಣಿಗೆ ಬೀಳುತ್ತಾರೆ, ಅಲ್ವಾ? ಶಿವಮೊಗ್ಗ, ಚನ್ನಗಿರಿ, ಹುಣಸೂರು ಕಡೆಯ ಹಕ್ಕಿಪಿಕ್ಕಿ ಸಮುದಾಯದವರು ಗಿಡಮೂಲಿಕೆ ಔಷಧಿ, ಎಣ್ಣೆ ಹೊತ್ತು ಆಫ್ರಿಕಾದ ದೇಶಗಳಿಗೆ ವ್ಯಾಪಾರಕ್ಕೆ ಹೋಗುತ್ತಾರೆ. 2023ರ ಏಪ್ರಿಲ್ 15ರಂದು ಸುಡಾನ್‌ನಲ್ಲಿ ಸೇನೆಗೂ ಅರೆಸೇನಾ ಪಡೆಗೂ ಯುದ್ಧ ಹತ್ತಿದಾಗ ಅವರಲ್ಲಿ ಹಲವರು ನಡುವೆ ಸಿಕ್ಕಿಕೊಂಡರು. ಊಟ, ನೀರಿಗೂ ತತ್ವಾರ. 'ಆಪರೇಷನ್ ಕಾವೇರಿ' ಶುರುವಾಗಿ, ಭಾರತೀಯರನ್ನು ಪೋರ್ಟ್ ಸುಡಾನ್‌ನಿಂದ ಜೆಡ್ಡಾಕ್ಕೆ ಸಾಗಿಸಿ, ಅಲ್ಲಿಂದ ವಿಮಾನ ಹತ್ತಿಸಿದರು. ಜೀವ ಉಳಿಯಿತು. ಹಾಕಿದ ಬಂಡವಾಳ, ಮಾಡಿದ ಸಾಲ? ಆ ಮಾತನ್ನು ಯಾವ ಪಂಕ್ತಿಯಲ್ಲೂ ನಾನು ಕೇಳಿಲ್ಲ.

ಗಲ್ಫಿಗೆ ಡ್ರೈವರ್, ಅಡುಗೆ, ಮನೆಗೆಲಸಕ್ಕೆ ಹೊರಡುವವರಿಗೆ ಕೆಲವು ಮಾತು. ಹತ್ತನೇ ತರಗತಿ ಪಾಸಾಗದವರು ಗಲ್ಫ್ ದೇಶಗಳೂ ಸೇರಿ 18 ದೇಶಗಳಿಗೆ ದುಡಿಯಲು ಹೋಗುವುದಾದರೆ ಸರ್ಕಾರದ ವಲಸೆ ಅನುಮತಿ ಬೇಕು. ಈ ನಿಯಮ ಇರುವುದು ಅವರ ರಕ್ಷಣೆಗೇ. ಏಜೆಂಟರು ಸೇವಾ ಶುಲ್ಕವಾಗಿ 30 ಸಾವಿರ ರೂಪಾಯಿ ಮತ್ತು ಜಿಎಸ್‌ಟಿಗಿಂತ ಹೆಚ್ಚು ಕೇಳುವ ಹಾಗಿಲ್ಲ. ಟೂರಿಸ್ಟ್ ವೀಸಾದಲ್ಲಿ ಹೋಗಿ, ಕೆಲಸ ಅಲ್ಲಿ ನೋಡೋಣ ಅಂದರೆ ನಂಬಬೇಡಿ. ಏಜೆಂಟರ ಹೆಸರು ನೋಂದಾಯಿತ ಪಟ್ಟಿಯಲ್ಲಿ ಇದೆಯೇ ಅಂತ ವಿದೇಶಾಂಗ ಸಚಿವಾಲಯದ 'ಇ-ಮೈಗ್ರೇಟ್' ಜಾಲತಾಣದಲ್ಲಿ ನೋಡಬಹುದು. ಅಲ್ಲಿ ಹೋದ ಮೇಲೆ ಸಂಬಳ ಕೊಡದಿದ್ದರೆ, ಪಾಸ್‌ಪೋರ್ಟ್ ಕಿತ್ತಿಟ್ಟುಕೊಂಡರೆ, ಅದೇ ಸಚಿವಾಲಯದ 'ಮದದ್' ಜಾಲತಾಣದಲ್ಲಿ ದೂರು ಕೊಡಬಹುದು. ಮನೆಯವರೂ ಇಲ್ಲಿಂದಲೇ ಕೊಡಬಹುದು. ನಿಮ್ಮ ಕೇರಿಯಲ್ಲಿ ಓದುವ ಹುಡುಗ ಹುಡುಗಿಯರಿದ್ದರೆ ಮೊಬೈಲಿನಲ್ಲಿ ಹತ್ತು ನಿಮಿಷದಲ್ಲಿ ನೋಡಿ ಹೇಳುತ್ತಾರೆ. ದುಡ್ಡು ಕೊಡುವ ಮೊದಲೇ ನೋಡಿಸಿ.

ನಮಸ್ಕಾರ.