ಕೈಬರಹ ಸಿಕ್ಕರೆ ಸಾಲದು, ಪಾರ್ಟ್‌ಗಳು ಬೇಕು

ಎಲ್ಲರಿಗೂ ನಮಸ್ಕಾರ.

ಆಫ್ರಿಕಾ ಮೂಲದವರ ಸಂಗೀತ ಎಂದೊಡನೆ ನಮ್ಮಲ್ಲಿ ಕೆಲವರಿಗೆ ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿಗಳ ಡಮಾಮಿ ನೆನಪಾಗಬಹುದು. ಅದು ಕೇಳಿ, ಕುಣಿದು ಕಲಿಯುವ ಸಂಗೀತ. ಇವತ್ತಿನ ವಿಷಯ ಬೇರೆ: ಯುರೋಪ್, ಅಮೆರಿಕಗಳಲ್ಲಿ ಆಫ್ರಿಕಾ ಮೂಲದ ಸಂಯೋಜಕರು ಆರ್ಕೆಸ್ಟ್ರಾಕ್ಕೆಂದು, ಅಂದರೆ ಪಾಶ್ಚಾತ್ಯ ವಾದ್ಯಮೇಳಕ್ಕೆಂದು, ಕಾಗದದಲ್ಲಿ ಬರೆದಿಟ್ಟ ಸಂಗೀತ. ಬರೆದಿಟ್ಟದ್ದು ಉಳಿಯಬೇಕಿತ್ತಲ್ಲ ಎನ್ನುತ್ತೀರಿ. ಎಷ್ಟೋ ಕೃತಿಗಳು ಉಳಿಯಲೇ ಇಲ್ಲ. ಉಳಿದವುಗಳಲ್ಲೂ ಹಲವು ನುಡಿಸುವ ಸ್ಥಿತಿಯಲ್ಲಿರಲಿಲ್ಲ.

ಕಾರಣ ತಿಳಿಯಲು ಒಂದು ವ್ಯವಸ್ಥೆ ಗೊತ್ತಿರಬೇಕು. ಎಲ್ಲ ವಾದ್ಯಗಳ ಸಾಲುಗಳೂ ಒಟ್ಟಿಗಿರುವ ಸ್ಕೋರ್ ಇರುವುದು ಮೇಳ ನಡೆಸುವ ಕಂಡಕ್ಟರ್ ಕೈಯಲ್ಲಿ. ವಾದಕರ ಮುಂದೆ ಇರುವುದು ಅವರವರ ಸಾಲು ಮಾತ್ರ, ಅದೇ ಪಾರ್ಟ್. ತಂತಿವಾದ್ಯದವರು ಇಬ್ಬರಿಗೊಂದು ಪ್ರತಿ ಹಂಚಿಕೊಳ್ಳುತ್ತಾರೆ: 50 ವಾದಕರಿದ್ದರೆ 25 ಪ್ರತಿ. ಊದುವ ವಾದ್ಯದವರಿಗೆ ಒಬ್ಬೊಬ್ಬರಿಗೂ ಬೇರೆಯೇ ಪಾರ್ಟ್. ದೊಡ್ಡ ಸಿಂಫನಿಯೊಂದಕ್ಕೆ (ಆರ್ಕೆಸ್ಟ್ರಾಕ್ಕೆ ಬರೆದ ಹಲವು ಭಾಗಗಳ ಕೃತಿ) 40ಕ್ಕೂ ಹೆಚ್ಚು ಪ್ರತಿ ಆಗುತ್ತವೆ. ಇದನ್ನೆಲ್ಲ ಪ್ರಕಾಶಕರು ಅಚ್ಚು ಹಾಕಿಸದಿದ್ದರೆ ಸಂಯೋಜಕರೇ ಕೈಯಲ್ಲಿ ನಕಲು ಮಾಡಬೇಕು, ಇಲ್ಲವೇ ದುಡ್ಡು ಕೊಟ್ಟು ಮಾಡಿಸಬೇಕು. ಒಂದು ಕಚೇರಿ ಮುಗಿದ ಮೇಲೆ ಆ ಕಟ್ಟು ಎಲ್ಲಿ ಹೋಯಿತೋ, ಕೃತಿಯೂ ಅಲ್ಲಿಗೇ ಹೋಯಿತು.

ಫ್ಲಾರೆನ್ಸ್ ಪ್ರೈಸ್ ಅವರನ್ನೇ ನೋಡಿ. 1887ರಲ್ಲಿ ಅರ್ಕನ್ಸಾದ ಲಿಟ್ಲ್ ರಾಕ್‌ನಲ್ಲಿ ಹುಟ್ಟಿದವರು, ಮುಂದೆ ಷಿಕಾಗೋದಲ್ಲಿ ನೆಲೆಸಿದವರು. ಅವರ ಮೊದಲನೆಯ, ಇ ಮೈನರ್ ಸಿಂಫನಿಗೆ 1932ರಲ್ಲಿ ಕಪ್ಪು ಸಂಯೋಜಕರಿಗೆಂದಿದ್ದ ವಾನಮೇಕರ್ ಸ್ಪರ್ಧೆಯ ಬಹುಮಾನ ಬಂತು. 1933ರ ಜೂನ್ 15ರಂದು ಷಿಕಾಗೋ ಸಿಂಫನಿ ಆರ್ಕೆಸ್ಟ್ರಾ ಅದನ್ನು ನುಡಿಸಿತು. ಅಮೆರಿಕದ ದೊಡ್ಡ ಆರ್ಕೆಸ್ಟ್ರಾವೊಂದು ಕಪ್ಪು ಮಹಿಳೆಯ ಸಿಂಫನಿ ನುಡಿಸಿದ್ದು ಅದೇ ಮೊದಲು. ಆದರೆ ಅದರ ಸ್ಕೋರ್ ಅಚ್ಚಾಗಿ ಬಂದದ್ದು 2008ರಲ್ಲಿ, 75 ವರ್ಷಗಳ ಮೇಲೆ. ಮರುವರ್ಷವೇ ಇಲಿನಾಯ್‌ನ ಸೇಂಟ್ ಆನ್‌ನಲ್ಲಿ, ಒಂದು ಕಾಲಕ್ಕೆ ಪ್ರೈಸ್ ಬೇಸಿಗೆ ಕಳೆಯುತ್ತಿದ್ದ ಪಾಳು ಮನೆಯಲ್ಲಿ ಕಟ್ಟುಗಟ್ಟಲೆ ಹಸ್ತಪ್ರತಿ ಸಿಕ್ಕಿತು: ಎರಡು ವಯೊಲಿನ್ ಕಂಚೆರ್ಟೊ (ಒಂಟಿ ವಯೊಲಿನ್ ಮತ್ತು ಆರ್ಕೆಸ್ಟ್ರಾಕ್ಕೆ ಬರೆದ ಕೃತಿ), 1945ರ ನಾಲ್ಕನೆಯ ಸಿಂಫನಿ. ಆ ಸಿಂಫನಿಯನ್ನು ಅರ್ಕನ್ಸಾದ ಫೋರ್ಟ್ ಸ್ಮಿತ್ ಸಿಂಫನಿ ಮೊದಲ ಬಾರಿ ನುಡಿಸಿದ್ದು 2018ರಲ್ಲಿ. ಹಸ್ತಪ್ರತಿ ಸಿಕ್ಕದ್ದಕ್ಕೂ ಸಂಗೀತ ಕೇಳಿಸಿದ್ದಕ್ಕೂ ನಡುವಿನ ಆ ಒಂಬತ್ತು ವರ್ಷಗಳ ಬಗ್ಗೆ ಪತ್ರಿಕೆಗಳು ಹೆಚ್ಚು ಬರೆಯುವುದಿಲ್ಲ. ನನ್ನ ಮಟ್ಟಿಗೆ ನಿಜವಾದ ಕೆಲಸ ಇರುವುದು ಅಲ್ಲೇ.

ಅಮೆರಿಕದ ಕಪ್ಪು ಸಂಯೋಜಕ ಸ್ಕಾಟ್ ಜಾಪ್ಲಿನ್ ಕಥೆ ಇನ್ನೂ ಕಠಿಣ. ಅವರ ಮೊದಲ ಒಪೆರಾ (ಹಾಡಿನಲ್ಲೇ ಆಡುವ ನಾಟಕ) 'ಅ ಗೆಸ್ಟ್ ಆಫ್ ಆನರ್' ಇವತ್ತಿಗೂ ಸಿಕ್ಕಿಲ್ಲ. ಎರಡನೆಯದಾದ 'ಟ್ರೀಮೊನಿಷಾ'ವನ್ನು 1911ರಲ್ಲಿ ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದರು, ಅದೂ ಪಿಯಾನೊ ಮತ್ತು ಹಾಡಿನ ಸ್ಕೋರ್ ಮಾತ್ರ. ಆರ್ಕೆಸ್ಟ್ರಾ ಬರಹ ಕಳೆದುಹೋದದ್ದರಿಂದ ಈಗ ನಾವು ಕೇಳುವ ಆರ್ಕೆಸ್ಟ್ರಾ ಬೇರೆಯವರು ಕಟ್ಟಿಕೊಟ್ಟದ್ದು.

ಲಂಡನ್ನಿನ ಸ್ಯಾಮ್ಯುಯೆಲ್ ಕೋಲ್‌ರಿಜ್-ಟೇಲರ್ ಅವರಿಗೆ ಪ್ರಕಾಶಕರೇನೋ ಇದ್ದರು, ಹಾಗಾಗಿ ಪಾರ್ಟ್‌ಗಳು ಉಳಿದವು, ದುಡ್ಡು ಉಳಿಯಲಿಲ್ಲ. 1898ರ 'ಹಯವಾಥಾಸ್ ವೆಡ್ಡಿಂಗ್ ಫೀಸ್ಟ್' ಎಂಬ ಕೋರಸ್ ಕೃತಿಯ ಹಕ್ಕನ್ನು 15 ಗಿನಿಗೆ (ಇಂಗ್ಲೆಂಡಿನ ಹಳೆಯ ಹಣ) ಪೂರ್ತಿ ಮಾರಿಬಿಟ್ಟಿದ್ದರು. ಇಂಗ್ಲೆಂಡಿನ ಕೋರಸ್ ತಂಡಗಳೆಲ್ಲ ಅದನ್ನು ಹಾಡಿದರೂ ಅವರಿಗೆ ರಾಯಲ್ಟಿ ಇಲ್ಲ. 1912ರಲ್ಲಿ 37ನೇ ವಯಸ್ಸಿಗೆ ತೀರಿಕೊಂಡರು.

ಗ್ವಾಡಲೂಪ್‌ನಲ್ಲಿ ಗುಲಾಮ ತಾಯಿಗೆ ಹುಟ್ಟಿ ಪ್ಯಾರಿಸ್ಸಿನ ದೊಡ್ಡ ವಯೊಲಿನ್ ವಾದಕರಾದ ಜೋಸೆಫ್ ಬೊಲೋನ್, ಅಂದರೆ ಶೆವಲಿಯೆ ದ ಸೇಂಟ್-ಜಾರ್ಜ್ ಅವರ ವಿಷಯದಲ್ಲಿ ತೊಡಕು ತಿರುಗುಮುರುಗು. 18ನೇ ಶತಮಾನದ ಪ್ಯಾರಿಸ್‌ನಲ್ಲಿ ಸಿಂಫನಿಗಳು ಅಚ್ಚಾಗುತ್ತಿದ್ದದ್ದು ಬಿಡಿ ಪಾರ್ಟ್‌ಗಳಾಗಿ, ಸ್ಕೋರ್ ಇರುತ್ತಿರಲಿಲ್ಲ. ಸಂಪಾದಕರು ಒಂದೊಂದೇ ಪಾರ್ಟ್ ಜೋಡಿಸಿ ಸ್ಕೋರ್ ಮಾಡಬೇಕು. ಆಗ ಮೊದಲ ವಯೊಲಿನ್ನಿನಲ್ಲಿ ಮೆಲ್ಲಗೆ ಎಂದಿರುವ ಕಡೆ ಎರಡನೆಯದರಲ್ಲಿ ಏನೂ ಇರುವುದಿಲ್ಲ. ಅದು ಅಚ್ಚಿನ ಫಲಕ ಕೆತ್ತಿದವನ ಮರೆವೋ ಸಂಯೋಜಕರ ಉದ್ದೇಶವೋ ಎಂದು ಪ್ರತಿ ಬಾರಿಯೂ ತೀರ್ಮಾನಿಸಬೇಕು. ಒಂದು ಅನುಕೂಲವೂ ಇದೆ: ಅವರ ಓಪಸ್ 11ರ (11ನೇ ಕೃತಿಸಂಖ್ಯೆಯ) ಸಿಂಫನಿಗಳಿಗೆ ಊದುವ ವಾದ್ಯಗಳಾದ ಎರಡು ಓಬೊ, ಎರಡು ಹಾರ್ನ್, ಜೊತೆಗೆ ತಂತಿವಾದ್ಯಗಳು ಸಾಕು. ಇಪ್ಪತ್ತು ಜನರ ತಂಡವೂ ಧೈರ್ಯವಾಗಿ ಎತ್ತಿಕೊಳ್ಳಬಹುದು.

ಮತ್ತೆ ಪ್ರೈಸ್ ಕಡೆಗೆ. ಆ ಮೊದಲ ಸಿಂಫನಿಯ ಮೂರನೆಯ ಭಾಗದ ಹೆಸರು 'ಜೂಬಾ ಡ್ಯಾನ್ಸ್'. 1740ರಲ್ಲಿ ಸೌತ್ ಕ್ಯಾರೊಲೈನಾ ಕಾನೂನು ಗುಲಾಮರಿಗೆ ನಗಾರಿ ನಿಷೇಧಿಸಿತು. ಚರ್ಮವಾದ್ಯಕ್ಕೆ ಅಡ್ಡಿಯಿದ್ದ ಕಡೆ ತೊಡೆ, ಎದೆ, ಅಂಗೈ, ಪಾದಗಳೇ ತಾಳವಾದ್ಯವಾದವು. ಜೂಬಾ ಅಂಥ ಕುಣಿತ. ಇಲ್ಲಿ ಕೆಳಗಿನ ತಂತಿಗಳು ನಡೆಯನ್ನು ಹಿಡಿದರೆ ವಯೊಲಿನ್‌ಗಳು ಅದರ ಮೇಲೆ ಎಡುಪು (ತಾಳದಲ್ಲಿ ಎತ್ತಿಕೊಳ್ಳುವ ಜಾಗ) ಬದಲಿಸುತ್ತ ಓಡುತ್ತವೆ. ಹೆಚ್ಚಿನ ತಂಡಗಳು ತಪ್ಪುವುದು ವೇಗದಲ್ಲಿ. ಓಡಿಸಿದರೆ ಗಿಡ್ಡ-ಉದ್ದ-ಗಿಡ್ಡ ಎಂಬ ನಡೆ ಕರಗಿ ಮೂರೂ ಸ್ವರ ಒಂದೇ ಅಳತೆಗೆ ಬಂದುಬಿಡುತ್ತವೆ. ಮೊದಲು ಚೆಲ್ಲೊ, ಬಾಸ್ ಮಾತ್ರ ನುಡಿಸಿ, ಉಳಿದವರು ಕೈತಟ್ಟಿ ಅಭ್ಯಾಸ ಮಾಡುವುದು ಒಳ್ಳೆಯದು. ಎರಡನೆಯ ಭಾಗದಲ್ಲಿ ಹತ್ತು ಹಿತ್ತಾಳೆ ವಾದ್ಯಗಳು ಚರ್ಚಿನ ಕೀರ್ತನೆಯಂತೆ ನುಡಿಯುತ್ತವೆ. ಅಲ್ಲಿ ತೊಂದರೆ ಉಸಿರಿನದು. ಹತ್ತೂ ಜನ ಒಂದೇ ಕಡೆ ಉಸಿರೆಳೆದರೆ ಸಾಲು ತುಂಡಾಗುತ್ತದೆ, ಸರದಿ ಮೊದಲೇ ಗುರುತು ಮಾಡಿಕೊಳ್ಳಿ.

ಹೊಸದಾಗಿ ಸಿದ್ಧವಾದ ಪಾರ್ಟ್‌ಗಳಲ್ಲಿ ಮೊದಲು ನೋಡಬೇಕಾದದ್ದು ತಾಲೀಮಿನ ಗುರುತುಗಳನ್ನು. ಸ್ಕೋರಿನ ಗುರುತೂ ಪಾರ್ಟಿನ ಗುರುತೂ ಹೊಂದದಿದ್ದರೆ "ಎಲ್ಲಿಂದ?" ಎಂಬ ಪ್ರಶ್ನೆಯಲ್ಲೇ ತಾಲೀಮು ಮುಗಿಯುತ್ತದೆ. ಆಮೇಲೆ ಹಾಳೆ ತಿರುವುವ ಜಾಗ. ಅಲ್ಲಿ ಬಿಡುವು ಇರಲೇಬೇಕು. ಎಫ್ ಹಾರ್ನ್ ಸ್ವರಗಳನ್ನು ಕೇಳಿಸುವುದಕ್ಕಿಂತ ಐದನೆಯ ಸ್ವರದಷ್ಟು ಮೇಲೆ, ಬಿ-ಫ್ಲಾಟ್ ಕ್ಲಾರಿನೆಟ್ ಸ್ವರಗಳನ್ನು ಒಂದು ಪೂರ್ಣ ಸ್ವರ ಮೇಲೆ ಬರೆಯುತ್ತಾರೆ. ಕೈಬರಹವನ್ನು ಕಂಪ್ಯೂಟರಿಗೆ ಏರಿಸುವಾಗ ಕೈತಪ್ಪುವುದು ಹೆಚ್ಚಾಗಿ ಇಲ್ಲೇ. ಬಹಳ ಹೊತ್ತು ಸುಮ್ಮನಿರುವ ವಾದ್ಯಕ್ಕೆ ಪಕ್ಕದ ವಾದ್ಯದ ಸಾಲನ್ನು ಸಣ್ಣಕ್ಷರದಲ್ಲಿ ಕೊಟ್ಟಿದ್ದಾರೆಯೇ ನೋಡಿ. ಇಲ್ಲದಿದ್ದರೆ 60 ಬಾರ್ (ತಾಳದ ಸುತ್ತು) ಎಣಿಸುತ್ತ ಕೂತವರು ಖಂಡಿತ ತಪ್ಪುತ್ತಾರೆ.

ಪ್ರೈಸ್ ಕೃತಿಗಳ ಹಕ್ಕು 2018ರಿಂದ ಜಿ. ಶಿರ್ಮರ್ ಪ್ರಕಾಶನದ್ದು. ಬಾಡಿಗೆ ಪಾರ್ಟ್ ತರಿಸುವವರು ತಿದ್ದುಪಟ್ಟಿ ಇದೆಯೇ ಎಂದು ಮೊದಲೇ ಕೇಳಿ. ನಿಮಗೇ ತಪ್ಪು ಸಿಕ್ಕರೆ ಬಾರ್ ಸಂಖ್ಯೆ ಸಮೇತ ಅವರಿಗೆ ಬರೆದು ಕಳಿಸಿ. ಕಮಾನು ಎಳೆಯುವ ದಿಕ್ಕಿನ ಗುರುತುಗಳನ್ನು ಪೆನ್ಸಿಲ್‌ನಲ್ಲೇ ಹಾಕಿ. ಅದೇ ಕಟ್ಟು ಮುಂದೆ ಇನ್ನೊಂದು ಆರ್ಕೆಸ್ಟ್ರಾಕ್ಕೆ ಹೋಗುತ್ತದೆ.