ತಿಂಗಳಿಗೊಂದು ದಿನ ಅಂಗಳದಲ್ಲಿ: ಪುಟ್ಟ ಮಕ್ಕಳ ಶಿಕ್ಷಕಿಯರ ತರಬೇತಿ

ಕೇಳುಗರಿಗೆ ನಮಸ್ಕಾರ.

ಉಡುಪಿಯ ಸುತ್ತಮುತ್ತ ಅಂಗನವಾಡಿ ಕಾರ್ಯಕರ್ತೆಯರಿಗೂ ಶಿಶುವಿಹಾರಗಳ ಶಿಕ್ಷಕಿಯರಿಗೂ ತರಬೇತಿ ಕೊಡುವ ಕೆಲಸದಲ್ಲಿ ಹಲವು ವರ್ಷ ಕಳೆದವಳು ನಾನು. ಆ ವರ್ಷಗಳ ಒಂದು ಮಧ್ಯಾಹ್ನ ಇಂದಿಗೂ ನನ್ನ ಕಣ್ಣ ಮುಂದಿದೆ. ಆಟಿ ತಿಂಗಳು, ಹೊರಗೆ ಬಿಡದೆ ಸುರಿಯುವ ಮಳೆ. ಮಕ್ಕಳಿಗೆ ಚಲನೆ ಎಷ್ಟು ಮುಖ್ಯ ಎಂಬ ವಿಷಯದ ಮೇಲೆ ನಾನು ಬೆಳಿಗ್ಗೆ ಹತ್ತರಿಂದ ಮಾತನಾಡುತ್ತಿದ್ದೆ. ಮೂವತ್ತಕ್ಕೂ ಹೆಚ್ಚು ಹೆಂಗಸರು ಅಲ್ಲಾಡದೆ ಕುರ್ಚಿಗಳಲ್ಲಿ ಕುಳಿತು ಕೇಳುತ್ತಿದ್ದರು. ಚಹಾದ ಬಿಡುವಿನಲ್ಲಿ ಮಳೆ ತುಸು ಇಳಿದಾಗ ಒಬ್ಬ ಸಹಾಯಕಿ ಬೇಲಿಯ ಬದಿಗೆ ಹೋಗಿ, ತುಳುವಿನಲ್ಲಿ ತಜಂಕ್ ಎನ್ನುವ ತಗತೆಯ ಎಳೆಯ ಸೊಪ್ಪನ್ನು ಚಿವುಟಿ ಸೆರಗಿನಲ್ಲಿ ತುಂಬಿಕೊಂಡು ಬಂದರು. ರಾತ್ರಿಯ ಪಲ್ಯಕ್ಕೆ, ಎಂದರು. ಪ್ರಕೃತಿ, ಆಹಾರ, ಆರೋಗ್ಯ ಎಂದು ನಾವು ಮೂರು ಅವಧಿಗಳಾಗಿ ಹಂಚಿಟ್ಟಿದ್ದ ಪಾಠವೆಲ್ಲ ಆ ಸೆರಗಿನಲ್ಲಿತ್ತು; ನಮ್ಮ ವೇಳಾಪಟ್ಟಿಯಲ್ಲಿ ಮಾತ್ರ ಅದಕ್ಕೆ ಜಾಗವಿರಲಿಲ್ಲ. ಅಂದಿನಿಂದ ನನ್ನನ್ನು ಬಿಡದೆ ಕಾಡಿದ ಪ್ರಶ್ನೆ, ಪುಟ್ಟ ಮಕ್ಕಳ ಶಿಕ್ಷಕಿಗೆ ತರಬೇತಿಯನ್ನು ಎಲ್ಲಿ ಕೊಡಬೇಕು ಎಂಬುದು.

ಜರ್ಮನಿಯ ಫ್ರೀಡ್ರಿಕ್ ಫ್ರೋಬೆಲ್ 1840ರಲ್ಲಿ ತನ್ನ ಶಾಲೆಗೆ ಕಿಂಡರ್‌ಗಾರ್ಟನ್, ಅಂದರೆ ಮಕ್ಕಳ ತೋಟ ಎಂದು ಹೆಸರಿಟ್ಟಾಗ ಅಲ್ಲಿ ನಿಜವಾಗಿಯೂ ತೋಟವಿತ್ತು. ಒಂದೊಂದು ಮಗುವಿಗೂ ತನ್ನದೇ ಆದ ಪುಟ್ಟ ಪಾತಿ ಇತ್ತು. ನಮ್ಮ ಜಿಲ್ಲೆಗಳ ಮಟ್ಟಿಗೂ ಇದು ಹೊಸ ವಿಚಾರವಲ್ಲ. ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು ಮಕ್ಕಳ ಶಿಕ್ಷಣದ ಪ್ರಯೋಗಗಳನ್ನು ನಡೆಸಿದ್ದು ಕರಾವಳಿಯವರಿಗೆಲ್ಲ ತಿಳಿದಿದೆ. ಆದರೆ ಇಂದು ಮಂಗಳೂರಿನ ಎಷ್ಟೋ ಶಿಶುವಿಹಾರಗಳ ಮುಂದೆ ಇಂಟರ್‌ಲಾಕ್ ಹಾಸಿದ ಅಂಗಳವಿದೆ, ಅದರಲ್ಲಿ ಒಂದು ಹುಲ್ಲುಕಡ್ಡಿಗೂ ಎಡೆಯಿಲ್ಲ.

2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಮೂರರಿಂದ ಎಂಟು ವರ್ಷದವರೆಗಿನ ಕಲಿಕೆಯನ್ನು ಬುನಾದಿಯ ಹಂತವೆಂದು ಕರೆದು, ಹನ್ನೆರಡನೆಯ ತರಗತಿ ಮುಗಿಸಿದ ಅಂಗನವಾಡಿ ಕಾರ್ಯಕರ್ತೆಯರಿಗೆ ಆರು ತಿಂಗಳ ಸರ್ಟಿಫಿಕೇಟ್ ತರಬೇತಿಯನ್ನೂ ಅದಕ್ಕಿಂತ ಕಡಿಮೆ ಓದಿದವರಿಗೆ ಒಂದು ವರ್ಷದ ಡಿಪ್ಲೊಮಾವನ್ನೂ ಹೇಳಿದೆ. ಇವನ್ನು ದೂರದರ್ಶನದ ಡಿಟಿಎಚ್ ವಾಹಿನಿಗಳ ಮೂಲಕ, ಮೊಬೈಲ್ ಫೋನಿನ ಮೂಲಕ ನಡೆಸಬಹುದು ಎಂದಿರುವ ನೀತಿಯೇ, ತಿಂಗಳಿಗೆ ಕನಿಷ್ಠ ಒಂದು ಮುಖಾಮುಖಿ ತರಗತಿ ಇರಬೇಕೆಂದೂ ಹೇಳುತ್ತದೆ. ನಾನು ಇಂದು ಒತ್ತಿ ಹೇಳಬೇಕೆಂದಿರುವುದು ಆ ಒಂದು ದಿನದ ಬಗ್ಗೆ. ಓದಿ ತಿಳಿಯಬಹುದಾದದ್ದನ್ನು ಫೋನು ಕಲಿಸಲಿ. ತಿಂಗಳ ಆ ಒಂದು ದಿನವನ್ನು ಸಭಾಂಗಣಕ್ಕೆ ಕೊಡದೆ, ಮಕ್ಕಳಿರುವ ಯಾವುದಾದರೂ ಒಂದು ಕೇಂದ್ರದ ಅಂಗಳಕ್ಕೂ ಅಡುಗೆ ಕೋಣೆಗೂ ಕೊಡಬೇಕು.

ಚಲನೆಯನ್ನೇ ತೆಗೆದುಕೊಳ್ಳೋಣ. ಮೂರು ನಾಲ್ಕು ವರ್ಷದ ಮಗು ದಿನಕ್ಕೆ ಕನಿಷ್ಠ 180 ನಿಮಿಷ ಮೈಯಾಡಿಸಬೇಕು, ಅದರಲ್ಲಿ 60 ನಿಮಿಷವಾದರೂ ಏದುಸಿರು ಬರುವಷ್ಟು ಚುರುಕಾಗಿರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿತು. ಇನ್ನೊಂದೆಡೆ ಎಲ್‌ಕೆಜಿಗೆ ಸೇರಿದ ತಿಂಗಳಲ್ಲೇ ಮಗು ಅಕ್ಷರ ಬರೆಯಬೇಕೆಂದು ತಂದೆತಾಯಿಯರು ಒತ್ತಾಯಿಸುತ್ತಾರೆ. ಮಣಿಕಟ್ಟಿನ ಎಂಟು ಪುಟ್ಟ ಎಲುಬುಗಳು ಹುಟ್ಟುವಾಗ ಬರಿಯ ಮೃದ್ವಸ್ಥಿಗಳು. ಅವು ಒಂದೊಂದಾಗಿ ಗಟ್ಟಿಯಾಗುತ್ತಾ ಹೋಗಿ, ಕೊನೆಯದು ಗಟ್ಟಿಯಾಗತೊಡಗುವಾಗ ಮಗುವಿಗೆ ಒಂಬತ್ತು ವರ್ಷವಾದರೂ ತುಂಬಿರುತ್ತದೆ. ಮೂರು ವರ್ಷದ ಕೈಗೆ ಬೇಕಾದದ್ದು ಮಣ್ಣು ಕಲಸುವ, ಹಗ್ಗ ಎಳೆಯುವ, ಕೊಂಬೆ ಹಿಡಿದು ಜೋಲುವ ಕೆಲಸ. ಇದನ್ನು ತಾಯಂದಿರಿಗೆ ಸಮಾಧಾನದಿಂದ ವಿವರಿಸುವ ಧೈರ್ಯ ಶಿಕ್ಷಕಿಗೆ ಬರಬೇಕಾದರೆ ಅವಳು ಅದನ್ನು ತನ್ನ ಮೈಯಲ್ಲಿ ಅರಿತಿರಬೇಕು. ಆದ್ದರಿಂದ ತರಬೇತಿಯಲ್ಲಿ ನಾನು ಅವರನ್ನು ಕುಂಟೆಬಿಲ್ಲೆ ಆಡಿಸುತ್ತಿದ್ದೆ, ಹುಲಿವೇಷದ ಹೆಜ್ಜೆ ಹಾಕಿಸುತ್ತಿದ್ದೆ. ತಾಸೆಯ ಬಡಿತ ಕೇಳಿದರೆ ಸಾಕು, ನಮ್ಮೂರಿನ ಮಕ್ಕಳ ಮೈಯಲ್ಲಿ ಹುಲಿ ಏಳುತ್ತದೆ; ಮೊಣಕಾಲು ಮಡಿಸಿ ತಗ್ಗಿ, ನಾಲ್ಕು ಕಾಲಿನಲ್ಲಿ ನಡೆದು, ಹಾರಿ ತಿರುಗುವ ಆ ಕುಣಿತಕ್ಕಿಂತ ಒಳ್ಳೆಯ ವ್ಯಾಯಾಮವನ್ನು ನಾನು ಕಂಡಿಲ್ಲ. ಐವತ್ತು ದಾಟಿದ, ಮೊಣಕಾಲು ನೋವಿರುವ ಕಾರ್ಯಕರ್ತೆಯರೂ ನಮ್ಮಲ್ಲಿದ್ದಾರೆ. ಅವರು ಕುಳಿತಲ್ಲಿಯೇ ತಾಳ ಹಾಕಿ ಮಕ್ಕಳನ್ನು ಕುಣಿಸಬಲ್ಲರು, ಅದರಿಂದ ಕಲಿಕೆಗೆ ಯಾವ ಕೊರತೆಯೂ ಆಗುವುದಿಲ್ಲ.

ಆಹಾರದ ವಿಷಯದಲ್ಲಿ ಹೇಳಬೇಕಾದದ್ದು ಹೆಚ್ಚಿದೆ. ಅಂಗನವಾಡಿಯಲ್ಲಿ ಮೂರರಿಂದ ಆರು ವರ್ಷದ ಮಗುವಿಗೆ ದಿನಕ್ಕೆ 500 ಕ್ಯಾಲೊರಿ, 12ರಿಂದ 15 ಗ್ರಾಂ ಪ್ರೋಟೀನ್ ಸಿಗಬೇಕೆಂಬುದು 2023ರ ಪರಿಷ್ಕರಣೆಗೆ ಮುಂಚಿನ ನಿಯಮವಾಗಿತ್ತು. ಇದನ್ನು ಬಾಯಿಪಾಠ ಒಪ್ಪಿಸುವ ಶಿಕ್ಷಕಿಯರನ್ನು ನಾನು ಬಹಳ ನೋಡಿದ್ದೇನೆ. ಆದರೆ ಅಕ್ಕಿ, ಬೇಳೆ, ಎಣ್ಣೆಯನ್ನು ತೂಗಿ ಬೇಯಿಸಿ ಬಟ್ಟಲಿಗೆ ಹಾಕಿ ನೋಡಿದಾಗಲೇ ಆ ಐನೂರು ಎಷ್ಟೆಂಬುದು ಅವರ ಕಣ್ಣಿಗೆ ತಿಳಿಯಿತು. ನಮ್ಮ ಕುಚ್ಚಲಕ್ಕಿ ಗಂಜಿಯ ಬಗ್ಗೆ ಇಂದು ಎಳೆಯ ತಾಯಂದಿರಿಗೆ ಒಂದು ಬಗೆಯ ಸಂಕೋಚವಿದೆ, ಡಬ್ಬಿಗೆ ಬಿಸ್ಕೆಟ್ ಹಾಕುವುದೇ ಮರ್ಯಾದೆ ಎಂದುಕೊಂಡಿದ್ದಾರೆ. ಭತ್ತವನ್ನು ಬೇಯಿಸಿ ಒಣಗಿಸುವಾಗ ತೌಡಿನಲ್ಲಿರುವ ಬಿ1 ಜೀವಸತ್ವದ ಒಂದು ಪಾಲು ಕಾಳಿನೊಳಕ್ಕೆ ಇಳಿಯುವುದರಿಂದ, ಪಾಲಿಶ್ ಮಾಡಿದ ಬೆಳ್ತಿಗೆ ಅಕ್ಕಿಗಿಂತ ಕುಚ್ಚಲಕ್ಕಿಯಲ್ಲಿ ಅದು ಹೆಚ್ಚು ಉಳಿಯುತ್ತದೆ. ಸೊಪ್ಪಿನ ಪಲ್ಯದ ಜೊತೆ ಒಂದು ಚೂರು ನೆಲ್ಲಿಕಾಯಿ ಇದ್ದರೆ ಸೊಪ್ಪಿನಲ್ಲಿರುವ ಕಬ್ಬಿಣವನ್ನು ದೇಹ ಚೆನ್ನಾಗಿ ಹೀರಿಕೊಳ್ಳುತ್ತದೆ. ಊಟದ ಜೊತೆಗೇ ಚಹಾ ಕೊಟ್ಟರೆ ಹೀರಿಕೊಳ್ಳುವುದು ಕಡಿಮೆಯಾಗುತ್ತದೆ. ಮೀನು ತಿನ್ನುವ ಮನೆಗಳಲ್ಲಿ ಮೆತ್ತಗೆ ಬೆಂದ ಸಣ್ಣ ಬೂತಾಯಿ ಸುಣ್ಣದ ಅಂಶಕ್ಕೆ ಒಳ್ಳೆಯದು, ತಿನ್ನದ ಮನೆಗಳಲ್ಲಿ ರಾಗಿಯೂ ಎಳ್ಳೂ ಆ ಕೆಲಸ ಮಾಡುತ್ತವೆ. ಒಂದನ್ನು ಮೇಲು, ಇನ್ನೊಂದನ್ನು ಕೀಳು ಎನ್ನುವ ಮಾತು ಶಿಕ್ಷಕಿಯ ಬಾಯಿಂದ ಬರಲೇಕೂಡದು, ಏಕೆಂದರೆ ಡಬ್ಬಿ ತೆರೆಯಲು ನಾಚುವ ಮಗು ಹಸಿದೇ ಮನೆಗೆ ಹೋಗುತ್ತದೆ. ಇಲ್ಲಿಯೇ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಇಡಿಯ ನೆಲಗಡಲೆ, ಇಡಿಯ ಹಲಸಿನ ಬೀಜ ಐದು ವರ್ಷದೊಳಗಿನ ಮಗುವಿನ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು, ಅವನ್ನು ಅರೆದೋ ಜಜ್ಜಿಯೋ ಕೊಡಬೇಕು. ಸಿಕ್ಕಿಕೊಂಡಾಗ ಮಗುವನ್ನು ಮುಂದಕ್ಕೆ ಬಾಗಿಸಿ ಅಂಗೈಯ ಬುಡದಿಂದ ಬೆನ್ನಿಗೆ ಹೊಡೆಯುವ ಕ್ರಮವನ್ನು ಪ್ರತಿಯೊಬ್ಬ ಶಿಕ್ಷಕಿಯೂ ತರಬೇತಿಯಲ್ಲಿ ಮಾಡಿ ನೋಡಿರಬೇಕು.

ಆರೋಗ್ಯದ ಪಾಠವೂ ಕೈಯಿಂದಲೇ ಆಗಬೇಕು. ತೋಳಿನ ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಡಿಮೆಯಿರುವ ಮಗುವನ್ನು ತೀವ್ರ ಅಪೌಷ್ಟಿಕತೆಯದೆಂದು ಗುರುತಿಸಿ ಕೂಡಲೇ ವೈದ್ಯರಿಗೆ ತೋರಿಸಬೇಕು. ತೋಳು ಅಳೆಯುವ ಪಟ್ಟಿಯನ್ನು ಬಿಗಿಯದೆ, ಸಡಿಲ ಬಿಡದೆ ಹಿಡಿಯುವುದು ಹತ್ತಾರು ಬಾರಿ ಅಳೆದವರಿಗೆ ಮಾತ್ರ ಬರುತ್ತದೆ. ಕೈತೊಳೆಯುವುದನ್ನು ಕಲಿಸಲು ನಾನು ಕೊಬ್ಬರಿ ಎಣ್ಣೆಯಲ್ಲಿ ಕಲಸಿದ ಇದ್ದಿಲಿನ ಪುಡಿಯನ್ನು ಕೊಟ್ಟು, ಕಣ್ಣು ಮುಚ್ಚಿಕೊಂಡು ಸಾಬೂನಿನಂತೆ ಉಜ್ಜಲು ಹೇಳುತ್ತಿದ್ದೆ. ಕಣ್ಣು ತೆರೆದಾಗ ಹೆಬ್ಬೆರಳಿನ ಹಿಂಬದಿಯೂ ಬೆರಳ ಸಂದಿಗಳೂ ಬಿಳುಪಾಗಿಯೇ ಉಳಿದಿರುತ್ತಿದ್ದವು.

ಇನ್ನು ಪ್ರಕೃತಿ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಮಳೆಯೆಂದು ಬಾಗಿಲು ಹಾಕಿಕೊಂಡರೆ ಶಾಲಾ ವರ್ಷದ ಮೊದಲ ನಾಲ್ಕು ತಿಂಗಳು, ಗೊದಮೊಟ್ಟೆ, ಚೋರಟೆ, ನಾಚಿಕೆಮುಳ್ಳುಗಳಿಂದ ಅಂಗಳ ತುಂಬಿರುವ ಹೊತ್ತು, ಮಗುವಿನ ಕೈತಪ್ಪಿಹೋಗುತ್ತದೆ. ಗುಡುಗು ಸಿಡಿಲಿನ ದಿನ ಒಳಗಿರಲೇಬೇಕು. ಸಾದಾ ಜಿಟಿಜಿಟಿ ಮಳೆಗೆ ಕೊಡೆಯೂ ಒಂದು ಜೊತೆ ಒಣಬಟ್ಟೆಯೂ ಸಾಕು. ಆದರೆ ಮಕ್ಕಳನ್ನು ಇಳಿಸುವ ಮೊದಲು ಶಿಕ್ಷಕಿ ಒಬ್ಬಳೇ ಒಂದು ಸುತ್ತು ನಡೆದು ಬರಬೇಕು. ಕಟ್ಟೆಯಿಲ್ಲದ ಬಾವಿ, ತುಂಬಿ ಹರಿಯುವ ತೋಡು, ಹಾವು ಅಡಗುವ ಕಲ್ಲಿನ ರಾಶಿ, ಸೊಳ್ಳೆ ಮರಿಮಾಡುವ ತೆಂಗಿನ ಗೆರಟೆ ಅವಳ ಕಣ್ಣಿಗೆ ಮೊದಲು ಬೀಳಬೇಕು. ಕಣಗಿಲೆ, ಕಾಸರಕದ ಬೀಜ, ಕೆಂಪು ಕಪ್ಪಿನ ಅಂದದ ಗುಲಗಂಜಿ, ಇವೆಲ್ಲ ವಿಷವೆಂದು ನೋಡಿದ ಕೂಡಲೇ ಅವಳಿಗೆ ಗೊತ್ತಾಗಬೇಕು. ಚಿತ್ರ ತೋರಿಸಿ ಕಲಿಸಿದರೆ ಇದು ಸಾಲದು. ಆ ಸಹಾಯಕಿಗೆ ತಗತೆಯನ್ನು ಯಾರೂ ಚಿತ್ರದಲ್ಲಿ ತೋರಿಸಿರಲಿಲ್ಲ.

ಆದ್ದರಿಂದ ತರಬೇತಿಯನ್ನು ಯೋಜಿಸುವ ಅಧಿಕಾರಿಗಳಲ್ಲಿ ನನ್ನ ಕೋರಿಕೆ ಇಷ್ಟೆ. ತಿಂಗಳ ತರಗತಿಯನ್ನು ಪ್ರತಿ ಬಾರಿ ಬೇರೆ ಬೇರೆ ಕೇಂದ್ರದಲ್ಲಿ ನಡೆಸಿ, ಆ ಕೇಂದ್ರದ ಸಹಾಯಕಿಯನ್ನು ಅಂದು ಶಿಕ್ಷಕಿಯರ ಶಿಕ್ಷಕಿಯಾಗಿ ಕೂರಿಸಿರಿ. ಮಳೆ ನಿಂತ ಮೇಲಿನ ತರಗತಿಯಲ್ಲಿ ಎಲ್ಲರೂ ಬಸಳೆಯ ಒಂದೊಂದು ತುಂಡು ಬಳ್ಳಿಯನ್ನು ತಮ್ಮ ಕೇಂದ್ರಕ್ಕೆ ಒಯ್ದು ಮಕ್ಕಳ ಕೈಯಿಂದ ನೆಡಿಸಲಿ. ಜನವರಿಯ ತರಗತಿಗೆ ಬರುವಾಗ ಆ ಚಪ್ಪರದಿಂದ ಕೊಯ್ದ ಸೊಪ್ಪನ್ನು ತರಲಿ, ಅಂದಿನ ಮಧ್ಯಾಹ್ನದ ಊಟಕ್ಕೆ ಅದೇ ಆಗುತ್ತದೆ.

ನಮಸ್ಕಾರ.