ಅಂಚು ಕಳೆದುಕೊಂಡ ಖಣ

ಕೇಳುಗರಿಗೆ ನಮಸ್ಕಾರ.

ಹೋದ ದೀಪಾವಳಿಗೆ ನಾನೊಂದು ಪೆದ್ದು ಕೆಲಸ ಮಾಡಿದೆ. ಅಜ್ಜಿಯ ಟ್ರಂಕಿನಲ್ಲಿ ಎರಡು ಖಣ ಸಿಕ್ಕಿದ್ದವು. ಒಂದನ್ನು ದರ್ಜಿಗೆ ಕೊಟ್ಟು, ಈಗಿನ ಫ್ಯಾಶನ್ನಿನ ಹಾಗೆ ಹೊಲಿಯಿರಿ ಅಂದು ಬಂದೆ. ವಾರ ಬಿಟ್ಟು ಹೋದರೆ ರವಿಕೆ ಚೆನ್ನಾಗಿಯೇ ಇತ್ತು. ತೋಳಿಲ್ಲ, ಬೆನ್ನಿಗೆ ದಾರ. ಆದರೆ ಅಂಚೆಲ್ಲಿ? ಕತ್ತರಿಸಿ ಬಿಸಾಡಿದ್ದರು! ಅವರನ್ನು ಬೈದು ಏನು ಪ್ರಯೋಜನ, ಬಾಯಿಬಿಟ್ಟು ಹೇಳದೆ ಬಂದವಳು ನಾನು.

ಖಣ ಅಂದರೆ ಒಂದು ಕುಪ್ಪಸಕ್ಕೆ ಆಗುವಷ್ಟು ಬಟ್ಟೆ. ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡದ ಖಣ ಹೆಸರುವಾಸಿ. ಎರಡೂ ಕಡೆ ಅಂಚು, ನಡುವೆ ಒತ್ತೊತ್ತಾಗಿ ಸಣ್ಣ ಬುಟ್ಟಾ. ಆ ಅಂಚು ತೋಳಿನ ತುದಿಗೆ ಸರಿಯಾಗಿ ಬರುವ ಹಾಗೆ ಹಿಂದಿನ ಕಾಲದಲ್ಲಿ ಹೊಲಿಯುತ್ತಿದ್ದರು. ಮೇಲೆ ಲೇಸು ಗೀಸು ಏನೂ ಬೇಡ. ಮುಂದುಗಡೆ ಒಂದು ಗಂಟು, ಅಷ್ಟೇ. ಮೈ ತುಂಬಿದರೆ ಗಂಟು ಸಡಿಲ, ಇಳಿದರೆ ಬಿಗಿ. ಅಳತೆ ಹೆಚ್ಚುಕಮ್ಮಿ ಆಯಿತು ಅಂತ ಮತ್ತೆ ದರ್ಜಿಯ ಹತ್ತಿರ ಓಡಬೇಕಿಲ್ಲ. ಉತ್ತರ ಕರ್ನಾಟಕದಲ್ಲಿ ಬಸುರಿಗೆ ಮಾಡುವ ಸೀಮಂತಕ್ಕೂ ಕುಬಸ, ಅಂದರೆ ಕುಪ್ಪಸ, ಅಂತಲೇ ಹೆಸರಿದೆ, ನೋಡಿ.

ಹಳೇ ಉಡುಪು ಅಂದ ಕೂಡಲೇ ಕೆಲವರು, ಸೀರೆ ಉಡೋದು ಹೀಗೇ, ರವಿಕೆ ಹೀಗೇ ಇರಬೇಕು ಅಂತ ಗದರುತ್ತಾರೆ. ನನಗೆ ನಗು ಬರುತ್ತದೆ. 1864ರಲ್ಲಿ ಐಸಿಎಸ್ ಅಧಿಕಾರಿ ಸತ್ಯೇಂದ್ರನಾಥ ಟಾಗೋರರ ಜೊತೆ ಅವರ ಹೆಂಡತಿ ಜ್ಞಾನದಾನಂದಿನಿ ದೇವಿ ಮುಂಬಯಿಗೆ ಬಂದರು. ಅಲ್ಲಿ ಪಾರ್ಸಿ ಹೆಂಗಸರು ಸೀರೆ ಉಡುವುದನ್ನು ನೋಡಿದರು. ಅದನ್ನು ಚೂರು ಬದಲಿಸಿ, ಸೆರಗನ್ನು ಎಡ ಹೆಗಲಿಗೆ ತಂದು, ರವಿಕೆ ಲಂಗದ ಜೊತೆ ಬಂಗಾಳದಲ್ಲಿ ರೂಢಿಗೆ ತಂದರು. ಹಳೇ ಫೋಟೋಗಳಲ್ಲಿ ಕಾಣುವ ಬುಗ್ಗೆ ತೋಳಿನ ಕಥೆಯೂ ಹಾಗೇ. 1890ರ ದಶಕದಲ್ಲಿ ಇಂಗ್ಲೆಂಡಿನ ಹೆಂಗಸರ ತೋಳುಗಳು ಬಲೂನಿನಂತೆ ಉಬ್ಬಿದ್ದವು. ಅದರ ಗಾಳಿ ನಮ್ಮ ರವಿಕೆಗಳಿಗೂ ಬೀಸಿತು. ಹಾಗಾಗಿ ಖಣದ ಕುಪ್ಪಸವನ್ನು ಜೀನ್ಸ್ ಮೇಲೆ ಹಾಕಿದರೆ ಯಾವ ದೇವರೂ ಮುನಿಯುವುದಿಲ್ಲ.

ಆದರೆ ಇಳಕಲ್ ಸೀರೆ ಕತ್ತರಿಸಿ ಕುರ್ತಾ ಮಾಡುವುದನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ. ಹಾಸು ಅಂದರೆ ಮಗ್ಗದಲ್ಲಿ ಉದ್ದಕ್ಕೆ ಕಟ್ಟುವ ಎಳೆಗಳು. ಇಳಕಲ್ ಸೀರೆಯಲ್ಲಿ ಒಡಲಿನ ಹಾಸೇ ಬೇರೆ, ಸೆರಗಿನ ಹಾಸೇ ಬೇರೆ. ಎರಡರ ಎಳೆಗಳನ್ನು ಒಂದೊಂದಾಗಿ ಕೊಂಡಿ ಹಾಕಿ ಜೋಡಿಸುತ್ತಾರೆ. ಹತ್ತಿಯ ಒಡಲಿಗೆ ಕೆಂಪು ರೇಷ್ಮೆಯ ಸೆರಗು ಕೂಡುವುದು ಹೀಗೆ. ಸೆರಗಿನಲ್ಲಿ ಬಿಳಿ ಗೆರೆ, ತೋಪುತೆನೆ ಅನ್ನುವ ವಿನ್ಯಾಸ. ಕತ್ತರಿ ಆಡಿದರೆ ಆ ಜೋಡಣೆಯೇ ಹೋಯಿತು. ಬಿಳಿ ಶರ್ಟಿನ ಮೇಲೆ ಇಡೀ ಸೀರೆ ಉಡಿ, ನಡುವಿಗೆ ಬೆಲ್ಟ್ ಬಿಗಿಯಿರಿ, ಬೇಡ ಅನ್ನುವವರು ಯಾರು? ಒಡಲು ಪೂರ್ತಿ ಪಿಸಿದಿದ್ದರೆ ಮಾತ್ರ ಸೆರಗನ್ನು ದುಪಟ್ಟಾ ಮಾಡಿಕೊಳ್ಳಿ.

ಕಸೂತಿ ಕೊಳ್ಳುವವರಿಗೆ ಒಂದು ಕಿವಿಮಾತು. ಬಟ್ಟೆ ತಿರುಗಿಸಿ ನೋಡಿ. ಗವಂತಿ, ಮುರ್ಗಿ ಹೊಲಿಗೆಗಳು ಎರಡೂ ಬದಿಗೆ ಒಂದೇ ತರ ಕಾಣುತ್ತವೆ. ಗಂಟು ಎಲ್ಲೂ ಕಾಣಬಾರದು. ಮಷಿನ್ನಿನ ಕೆಲಸ ಆದರೆ ಹಿಂಬದಿಯೇ ಗುಟ್ಟು ರಟ್ಟು ಮಾಡುತ್ತದೆ. ಕಾಲರಿಗೆ ಒಂದು ಗೋಪುರ, ಕೈಪಟ್ಟಿಗೆ ಒಂದು ತೇರು ಇದ್ದರೆ ಸಾಕು. ಜಾಸ್ತಿ ಬೇಡ.

ಎರಡನೇ ಖಣಕ್ಕೆ ನಾನು ಅಜ್ಜಿಯ ಹಳೇ ಕುಪ್ಪಸವನ್ನೇ ಅಳತೆಗೆ ಕೊಟ್ಟೆ. ಅಂಚು ತೋಳಿಗೆ ಬಂತು. ಗಂಟಿನ ಮೇಲೆ ನಂಬಿಕೆ ಸಾಲದೆ ಗುಂಡಿ ಹಾಕಿಸಿದೆ. ಮೊನ್ನೆ ಅದನ್ನು ಹಾಕಿಕೊಂಡು ಬಸ್ಸಿನಲ್ಲಿ ಕೂತಿದ್ದೆ. ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ತೋಳು ಮುಟ್ಟಿ ನೋಡಿ, "ಗುಳೇದಗುಡ್ಡದ್ದೇನವಾ?" ಅಂದರು. ಹೌದು ಅಂತ ಬೀಗಿದೆ. ಅವರ ಕಣ್ಣು ಮುಂದಕ್ಕೆ ಹೋಯಿತು.

"ಮತ್ತ ಗುಂಡಿ ಯಾಕ ಹಚ್ಚೀಯವಾ? ಗಂಟು ಹಾಕಾಕ ಬರಂಗಿಲ್ಲೇನು?"